ನೂರೇಳು ಕೋಟಿ ಬಣ್ಣ

ಬಸ್ಸು ಮಡಕಶಿರ ದಾಟುವಷ್ಟರಲ್ಲಿ ದಯಾನಂದ್ ತನ್ನ ತಪ್ಪೊಪ್ಪಿಗೆಯ ಡೈಲಾಗನ್ನು ತಲೆಯೊಳಗೇ ಒಂಬತ್ತು ಸಲ ಬರೆದು ಒಂಬತ್ತು ಸಲವೂ ಹರಿದು ಹಾಕಿದ್ದ. ಮೊದಲನೆಯದರಲ್ಲಿ ಮಳೆ ಸುರಿಯುತ್ತಿತ್ತು. ಅವನು ಕೆಸರಿನಲ್ಲಿ ಮಂಡಿಯೂರಿ, "ಅಪ್ಪಾ, ನಿನ್ನ ಕಣ್ಣು ಕಿತ್ತುಕೊಂಡವನು ಹೊರಗಿನವನಲ್ಲ, ನಿನ್ನದೇ ರಕ್ತ" ಎನ್ನುತ್ತಿದ್ದ. ಈ ಸೀಮೆಯಲ್ಲಿ ಮಳೆ ತರಿಸುವ ತಾಕತ್ತು ಯಾವ ಡೈರೆಕ್ಟರಿಗೂ ಇಲ್ಲವೆಂದು ಅದನ್ನು ಬಿಟ್ಟ. ಐದನೆಯದರಲ್ಲಿ ತಾನೇ ತೆಲುಗಿಗೆ ಡಬ್ಬಿಂಗ್ ಆಗಿ, ಮೀಸೆ ತಿರುವುತ್ತ ಕ್ಷಮೆ ಕೇಳುತ್ತಿದ್ದ. ಮೀಸೆ ತಿರುವಿ ಕ್ಷಮೆ ಕೇಳುವವನನ್ನು ಯಾರು ಕ್ಷಮಿಸುತ್ತಾರೆ? ಒಂಬತ್ತನೆಯದರಲ್ಲಿ ಡೈಲಾಗೇ ಇರಲಿಲ್ಲ, ಬರೀ ಅಳುವುದಿತ್ತು, ಅದಕ್ಕೆ ಅವನ ಮುಖ ಒಪ್ಪುವುದಿಲ್ಲ. ಅಳುವಾಗ ಅವನು ಸೀನು ತಡೆದುಕೊಂಡವನ ಹಾಗೆ ಕಾಣುತ್ತಾನೆಂದು ಅಮ್ಮ ರಾಮಕ್ಕ ಎಂದೋ ಹೇಳಿಯಾಗಿತ್ತು. ಪಕ್ಕದ ಸೀಟಿನಲ್ಲಿ ಅಪ್ಪ ಕೇಶವಯ್ಯ ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು, ಅದರ ಮೇಲೆ ಎರಡೂ ಅಂಗೈ ಊರಿ, ಕಿಟಕಿಯಾಚೆ ನೋಡುತ್ತಿದ್ದ. ಕಿಟಕಿಯ ಗಾಜಿಗೆ ಯಾರೋ ಹಸಿರು ಹಾಳೆ ಅಂಟಿಸಿದ್ದರು. ಹಿಂದೂಪುರದಲ್ಲಿ ಬಸ್ಸು ಹತ್ತಿದಾಗ ರಸ್ತೆ, ಕುರಿ, ಹುಣಸೆಮರ, ಮೈಲಿಗಲ್ಲು ಎಲ್ಲವೂ ಕೆರೆಯ ತಳದಲ್ಲಿದ್ದ ಹಾಗೆ ಕಂಡಿದ್ದವು. ಹತ್ತೇ ನಿಮಿಷಕ್ಕೆ ಅದೇ ಸರಿಯೆನಿಸಿ, ಈಗ ಎದುರಿನ ಬಾಗಿಲಿನಿಂದ ಬಂದ ನಿಜವಾದ ಬಿಸಿಲೇ ತಪ್ಪಾಗಿ, ತುಸು ಗುಲಾಬಿಯಾಗಿ ಕಾಣುತ್ತಿತ್ತು. ಕಣ್ಣಿಗಿಂತ ಅಗ್ಗಕ್ಕೆ ಮಾರಿಕೊಳ್ಳುವ ಸಾಕ್ಷಿ ಇನ್ನೊಂದಿಲ್ಲ ಎಂದುಕೊಂಡ ದಯಾನಂದ್. ಹತ್ತನೆಯ ಡೈಲಾಗಿಗೆ ಇದನ್ನು ಸೇರಿಸಬಹುದೇ ಎಂದೂ ಯೋಚಿಸಿ, ಮರುಕ್ಷಣ ತನ್ನ ಮೇಲೆ ತಾನೇ ಥೂ ಎಂದುಕೊಂಡ.

"ಮುಂದಿನ್ ಸೀಟ್ನಲ್ಲಿರೋ ಅಮ್ಮ ಉಟ್ಟಿರೋದು ಯಾವ ಬಣ್ಣ ಕಣ್ಲಾ?" ಅಪ್ಪ ಮೆಲ್ಲಗೆ ಕೇಳಿದ.

"ನೀಲಿ ಕಣಪ್ಪ."

"ನಂಗೂ ನೀಲೀನೇ ಕಾಣ್ತೈತೆ." ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಆದ್ರೂ ಕೇಳ್ದೆ" ಎಂದ.

ಹದಿನಾರು ದಿನಗಳಿಂದ ಹೀಗೆ ಕೇಳುತ್ತಿದ್ದ. ನಲವತ್ತು ವರ್ಷ ರೇಷ್ಮೆ ನೂಲಿಗೆ ಬಣ್ಣ ಹಾಕಿದವನು, ಹಂಡೆಯಲ್ಲಿ ಕುದಿಯುವ ನೀರಿನ ಆವಿಯಲ್ಲೇ ಬಣ್ಣದ ಹದ ಹೇಳುತ್ತಿದ್ದವನು, ಈಗ ತನ್ನ ಅಂಗಿಯ ಬಣ್ಣವನ್ನೂ ಇನ್ನೊಬ್ಬರ ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಹತ್ತನೆಯ ದಿನವೋ ಹನ್ನೊಂದನೆಯದೋ, ಅಡುಗೆಮನೆಯ ಬುಟ್ಟಿಯಿಂದ ಒಂದು ಬಾಳೆಹಣ್ಣು ಎತ್ತಿ ಹಿಡಿದು, "ಇದು ಹಣ್ಣಾಗೈತಾ, ಇನ್ನೂ ಹಸ್ರೈತಾ?" ಎಂದಿದ್ದ. ಬಾಯಿಗೆ ಬಂದದ್ದನ್ನು ತಡೆಯುವ ಅಭ್ಯಾಸ ದಯಾನಂದನಿಗೆ ಹುಟ್ಟಿದಾಗಿನಿಂದ ಇಲ್ಲ. "ಅಪ್ಪಾ, ಅದು ಬದ್ನೇಕಾಯಿ" ಎಂದುಬಿಟ್ಟ. ಮಗ್ಗದಲ್ಲಿ ನೇಯುವ ಪೆದ್ದಪ್ಪ ನಕ್ಕ, ಅಮ್ಮ ಸೌಟು ಎತ್ತಿ ಗದರಿದಳು. ಅಪ್ಪ ಮಾತ್ರ ನಗಲಿಲ್ಲ. ಹಣ್ಣನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ, ಆಮೇಲೆ ಬುಟ್ಟಿಗೆ ಇಟ್ಟ. ಆ ಮೂಸಿದ್ದು. ನಕ್ಕವರೆಲ್ಲ ನಕ್ಕು ತಮ್ಮ ಕೆಲಸಕ್ಕೆ ಹೋದರು. ದಯಾನಂದನ ಕಣ್ಣಲ್ಲಿ ಮಾತ್ರ ಆ ಮೂಗು, ಆ ಹಣ್ಣು, ಆ ಎರಡರ ನಡುವಿನ ಅನುಮಾನ ಹಾಗೇ ನಿಂತಿತು. ಆಗ ಅವನಿಗಿನ್ನೂ ತಪ್ಪು ತನ್ನದೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ದೃಶ್ಯಕ್ಕೆ ದಿನವೂ ಮರುಪ್ರದರ್ಶನ, ಅದೂ ಬೆಳಗಿನ ಆಟದಿಂದಲೇ.

ತಪ್ಪಿನ ಬೇರು ಅವನ ಕೋಣೆಯಲ್ಲಿತ್ತು. ಸೀರೆಯ ಅಂಚಿನ ಡಿಸೈನು ಬಿಡಿಸಲೆಂದು ಮನೆಯವರು ಕಂಪ್ಯೂಟರ್ ಕೊಡಿಸಿದರೆ, ಅವನು ಅದರಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಯಾರೋ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡೊಂದನ್ನು ತರಿಸಿ, ಅಂಚಿಗೆ ಅರ್ಧ ದಿನ, ಗೇಮಿಗೆ ಉಳಿದದ್ದು ಎಂದು ಹಂಚಿದ್ದ. ಲಿನಕ್ಸ್ ಯಾರ ಆಸ್ತಿಯೂ ಅಲ್ಲ, ಜಗತ್ತಿನವರೆಲ್ಲ ಸೇರಿ ಮಾಡಿದ್ದು, ಕಾಸಿಲ್ಲದೆ ಸಿಗುವುದು ಎಂದು ಅವನು ಎಷ್ಟು ಭಾಷಣ ಬಿಗಿದರೂ, ಎದುರುಮನೆಯ ಮುರಳಿ ಒಂದೇ ಮಾತಿನಲ್ಲಿ ಅದನ್ನು ಮುಗಿಸುತ್ತಿದ್ದ: "ಲಿನಕ್ಸಲ್ಲಿ ಗೇಮ್ ಆಡೋದು ಅಂದ್ರೆ ಎಮ್ಮೆ ಮೇಲೆ ಕೂತ್ಕೊಂಡು ರೇಸಿಗೆ ಹೋದಂಗೆ ಕಣ್ಲಾ. ಎಮ್ಮೆ ಓಡ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಎತ್ಲಾಗೆ?" ಎಮ್ಮೆ ಓಡುತ್ತಿತ್ತು. ವಿಂಡೋಸಿಗೆಂದು ಮಾಡಿದ ಗೇಮನ್ನು ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದ ಹಾಗೆ ಬೇರೆ ಸಾಫ್ಟ್‌ವೇರ್ ಮೂಲಕ ಓಡಿಸಬೇಕು. ಒಂದು ಸಲ ಮಾತು ತಪ್ಪಿದರೆ ಪರದೆ ಕಪ್ಪು. ಆ ಕಪ್ಪು ಪರದೆಯ ಮುಂದೆ ಮೂರು ದಿನ ಕೂತು ಸರಿಪಡಿಸಿದಾಗ ಸಿಗುವ ಸುಖ ಗೇಮ್ ಆಡುವುದರಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಆಟದಲ್ಲಿ ಅವನು ಸುಮಾರು. ಹುಲ್ಲಿನಲ್ಲಿ ಅಡಗಿದ ಶತ್ರು ಅವನಿಗೆ ಕಾಣುತ್ತಲೇ ಇರಲಿಲ್ಲ. ಶತ್ರುವಿಗೆ ಇವನು ತೇರಿನ ಹಾಗೆ ಕಾಣುತ್ತಿದ್ದ. ಅದಕ್ಕೆ ಒಂದು ಉಪಾಯ: ಇಡೀ ಪರದೆಯ ಬಣ್ಣದ ಗಾಢತೆಯನ್ನು ಒಂದೂವರೆ ಪಟ್ಟು ಏರಿಸಿದರೆ ಹುಲ್ಲು ಹಸಿರಾಗಿ ಉರಿಯುತ್ತದೆ, ಶತ್ರುವಿನ ಕಂದು ಅಂಗಿ ಕೆಂಪಾಗಿ ಎದ್ದು ನಿಲ್ಲುತ್ತದೆ. ಅವನು ಮೂರು ಸಾಲಿನ ಪುಟ್ಟ ಪ್ರೋಗ್ರಾಂ ಬರೆದ. ಮೊದಲ ಸಾಲು ಬಣ್ಣ ಏರಿಸುವುದು. ಎರಡನೆಯದು ಗೇಮ್ ಶುರು ಮಾಡುವುದು. ಗೇಮ್ ಮುಗಿದ ಮೇಲೆ ಮೂರನೆಯ ಸಾಲು ಬಣ್ಣವನ್ನು ಮೊದಲಿನಂತೆ ಇಳಿಸುವುದು. ಬರೆದ ದಿನ ಅಮ್ಮನ ಮುಂದೆ ಕಾಲರ್ ಎತ್ತಿ, "ನಾನು ಬರೆಯೋದು ಮೂರೇ ಲೈನು, ಶತ್ರುಗೆ ಅದೇ ಮರಣ ಶಾಸನ" ಎಂದಿದ್ದ. ಅಮ್ಮ, "ಅಂಚು ಬರೆಯೋ ಲೇ" ಎಂದಿದ್ದಳು.

ಒಂದು ಮಧ್ಯಾಹ್ನ ಗೇಮ್ ನಡುವೆಯೇ ಸಿಕ್ಕಿಕೊಂಡಿತು. ಅವನು ಸಿಟ್ಟಿನಿಂದ ಪ್ರೋಗ್ರಾಮಿನ ಕುತ್ತಿಗೆಯನ್ನೇ ಹಿಸುಕಿ ಮುಚ್ಚಿದ. ಮೂರನೆಯ ಸಾಲಿನ ತನಕ ಪ್ರಾಣ ಉಳಿಯಲಿಲ್ಲ. ಬಣ್ಣ ಏರಿದ್ದು ಏರಿಯೇ ಉಳಿಯಿತು. ಕಂಪ್ಯೂಟರ್ ಆರಿಸಿ ಹಚ್ಚಿದ್ದರೆ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ಲಿನಕ್ಸಿನವರಿಗೆ ಒಂದು ವ್ರತವಿದೆ, ಆರಿಸದೆ ಎಷ್ಟು ದಿನ ಓಡಿಸಿದೆವು ಎನ್ನುವುದೇ ಅವರ ಮೀಸೆ. ಅವನದು ಆಗ ಇಪ್ಪತ್ತಮೂರನೆಯ ದಿನ. ಮುರಳಿಯ ಕಂಪ್ಯೂಟರ್ ವಾರಕ್ಕೆರಡು ಸಲ ಸತ್ತು ಹುಟ್ಟುತ್ತಿದ್ದರೆ ಇವನದು ಚಿರಂಜೀವಿ. ಹತ್ತು ನಿಮಿಷದಲ್ಲಿ ಕಣ್ಣು ಒಗ್ಗಿತು. ಉರಿಯುವ ಹಸಿರೇ ಹಸಿರು, ಉರಿಯುವ ಕೆಂಪೇ ಕೆಂಪು. ಆ ವಾರವೇ ಕಲ್ಯಾಣದುರ್ಗದ ರಮಾದೇವಿ ಫೋನ್ ಮಾಡಿದ್ದು.

ರಮಾದೇವಿಯ ತಾಯಿ ಬನಶಂಕರಮ್ಮ ಐವತ್ತೆಂಟು ವರ್ಷದ ಹಿಂದೆ ಧಾರೆಗೆ ಉಟ್ಟ ಸೀರೆಯನ್ನು ನೇಯ್ದವನು ಕೇಶವಯ್ಯನ ಅಪ್ಪ. ಮಾವಿನ ಚಿಗುರಿನ ಬಣ್ಣ: ಕೆಂಪೂ ಅಲ್ಲ, ಕಂದೂ ಅಲ್ಲ, ಎಳೆ ಎಲೆ ಬಿಸಿಲಿಗೆ ಮೊದಲ ಸಲ ಮೈ ತೋರಿಸುವಾಗಿನ ತಾಮ್ರ. ಆ ಮನೆಯಲ್ಲಿ ಹೆಣ್ಣುಮಕ್ಕಳು ಧಾರೆಗೆ ಅದೇ ಬಣ್ಣ ಉಡುವುದು ನಡೆದುಬಂದ ಪದ್ಧತಿ. ಈಗ ಮೊಮ್ಮಗಳು ಭಾರ್ಗವಿಯ ಸರದಿ. ಹಿಂದೆಲ್ಲ ಇಂಥ ಬೇಡಿಕೆ ಬಂದಾಗ ಹಳೆಯ ಸೀರೆಯೇ ಹಿಂದೂಪುರಕ್ಕೆ ಬರಬೇಕಿತ್ತು. ಕೇಶವಯ್ಯ ಬೆಳಿಗ್ಗೆ ಬಾಗಿಲಲ್ಲಿ ಕೂತು, ಅದರ ಪಕ್ಕ ನೂಲಿನ ಲಡಿ ಹಿಡಿದು, ಸರಿಯಾಗುವ ತನಕ ಹಂಡೆಗೂ ಬಾಗಿಲಿಗೂ ಓಡಾಡಬೇಕಿತ್ತು. ದಯಾನಂದ್ ಅಡ್ಡ ಬಂದ. "ಸೀರೆ ಯಾಕಕ್ಕಾ ಕಳಿಸ್ತೀರ, ಫೋಟೋ ಕಳ್ಸಿ. ನಮ್ಮನೆ ಮಾನಿಟರ್ ಇರೋದು ಶೋಕಿಗಲ್ಲ" ಎಂದು ಫೋನಿನಲ್ಲಿ ಹೇಳಿ, ಬಂದ ಫೋಟೋವನ್ನು ಪರದೆಯ ತುಂಬ ತೆರೆದು ಅಪ್ಪನನ್ನು ಕರೆದ. ಅಪ್ಪ ಪರದೆಯ ಮುಂದೆ ಬಗ್ಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ವಾಲಿಸಿ ನೋಡಿದ. "ಇಷ್ಟು ಕೆಂಪಿರಾಕಿಲ್ಲ ಕಣ್ಲಾ ದಯಾ. ಇದು ನಮ್ಮಪ್ಪನ ಬಣ್ಣ ಅಲ್ಲ." ಪೆದ್ದಪ್ಪ, ಇನ್ನಿಬ್ಬರು ನೇಯುವವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪ್ರೇಕ್ಷಕರಿದ್ದರೆ ದಯಾನಂದನಿಗೆ ನಾಲಿಗೆ ತಾನಾಗಿಯೇ ಸ್ಲೋಮೋಷನ್ನಿನಲ್ಲಿ ಎದ್ದು ನಿಲ್ಲುತ್ತದೆ. "ಅಪ್ಪಾ, ಈ ಮಾನಿಟರ್ ತೋರ್ಸೋದು ನೂರೇಳು ಕೋಟಿ ಬಣ್ಣ. ನಿನ್ ಕಣ್ಣು ಎಷ್ಟು ತೋರ್ಸ್ತೈತೆ? ಹೇಳು, ಎಷ್ಟು ಕೋಟಿ?" ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಕ್ಕು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಆ ಪರದೆಗೆ ಸರಿಯಾಗಿ ಹಂಡೆಯಲ್ಲಿ ಬಣ್ಣ ಕಲೆಸಿದ.

ನೇಯ್ದ ಸೀರೆಯನ್ನು ಕಲ್ಯಾಣದುರ್ಗಕ್ಕೆ ತಾನೇ ಕೊಂಡುಹೋದವನು ಅಪ್ಪ. ಬಿಚ್ಚಿದಾಗ ಅವರ ಮನೆಯಲ್ಲಿ ಯಾರೂ ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು. ಬನಶಂಕರಮ್ಮ ಸೀರೆಯನ್ನು ಮುಟ್ಟಿ, "ಕೇಶವಾ, ವಯಸ್ಸಾಯ್ತಲ್ಲಪ್ಪಾ ನಿಂಗೂನು" ಎಂದಳಂತೆ, ಅಷ್ಟೆ. ಪರದೆ ತಪ್ಪದಿದ್ದ ಮೇಲೆ ತಪ್ಪಿದ್ದು ತನ್ನ ಕಣ್ಣೇ ಎಂದು, ಮನೆಗೆ ಬಂದವನು ಹಂಡೆಯನ್ನು ಬೋರಲು ಹಾಕಿದ.

ಅದಾಗಿ ಹನ್ನೆರಡನೆಯ ದಿನ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ತಾಸು ಕರೆಂಟಿರಲಿಲ್ಲ. ಯುಪಿಎಸ್ ಪ್ರಾಣ ಬಿಟ್ಟಿತು, ಚಿರಂಜೀವಿಯೂ ಸತ್ತ. ಮತ್ತೆ ಹಚ್ಚಿದಾಗ ಪರದೆಯೆಲ್ಲ ಮಾಸಲು, ತೊಳೆದು ತೊಳೆದು ಬಣ್ಣ ಬಿಟ್ಟ ಲುಂಗಿಯ ಹಾಗೆ. ದಯಾನಂದ್ ಬಾಯಿ ಬಡಿದುಕೊಂಡ: ಮಾನಿಟರ್ ಹೋಯಿತು! ಮುರಳಿಗೆ ಫೋನ್ ಮಾಡಿ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಸಾಫ್ಟ್‌ವೇರಿಗೆ ಬೈದು, ಕೇಬಲ್ ಕಿತ್ತು ಊದಿ ಮತ್ತೆ ಚುಚ್ಚಿದ. ಕೊನೆಗೆ ಆ ಸೀರೆಯ ಫೋಟೋ ತೆರೆದು ನೋಡಿದಾಗ ಪರದೆಯ ಮೇಲೆ ಮಾವಿನ ಚಿಗುರು ಕೂತಿತ್ತು. ಮೆತ್ತಗೆ, ತಾಮ್ರದ ಹಾಗೆ, ಅಪ್ಪ ಹೇಳಿದ ಹಾಗೇ. ಕೆಟ್ಟುಹೋಗಿದೆ ಎಂದುಕೊಂಡದ್ದು ಸರಿಯಿತ್ತು. ಸರಿಯಿದೆ ಎಂದುಕೊಂಡದ್ದು ತಿಂಗಳಿನಿಂದ ಸುಳ್ಳು ಹೇಳುತ್ತಿತ್ತು. ಸಿನಿಮಾದಲ್ಲಾದರೆ ಇಲ್ಲಿ ಇಂಟರ್ವಲ್ ಬೋರ್ಡು ಬೀಳಬೇಕು, ಹೀರೋ ಓಡಿಹೋಗಿ ಅಪ್ಪನ ಕಾಲು ಹಿಡಿಯಬೇಕು. ಹೀರೋ ಬಾಗಿಲ ತನಕ ಹೋದ. ಹೊರಗೆ ಅಪ್ಪ ಬೋರಲು ಹಾಕಿದ ಹಂಡೆಯ ಮೇಲೆ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ. "ಕರೆಂಟ್ ಬಂತಾ?" ಎಂದ. "ಬಂತು" ಎಂದು ಹೀರೋ ಒಳಗೆ ಹೋದ. ಆಮೇಲೆ ನಾಲ್ಕು ದಿನ ಹೀರೋಗೆ ಕಾಲ್‌ಶೀಟ್ ಸಿಗಲಿಲ್ಲ.

ಇವತ್ತಿನ ಪಯಣ ಕೊನೆಯದು. ಇನ್ನೊಂದು ಸೀರೆ ನೇಯ್ದುಕೊಡಿ, ಮದುವೆಗೆ ಇನ್ನೂ ಎರಡು ತಿಂಗಳಿದೆ ಎಂದು ರಮಾದೇವಿ ಹೇಳಿಕಳಿಸಿದ್ದಳು. ಬಣ್ಣ ಹಾಕುವುದು ಇನ್ನು ತನ್ನಿಂದ ಆಗುವುದಿಲ್ಲ ಎಂದು ಎದುರಿಗೆ ಹೇಳಿ ಬರಲು ಅಪ್ಪ ಹೊರಟಿದ್ದ. ತನ್ನ ಅಪ್ಪನ ಕಾಲದಿಂದ ಬಂದ ಮನೆ, ಫೋನಿನಲ್ಲಿ ಹೇಳುವುದಲ್ಲ ಎಂದ. ಗಂಟಿನಲ್ಲಿದ್ದದ್ದು ಅವನು ಇಷ್ಟು ವರ್ಷ ಹಾಕಿದ ಕೆಂಪು, ಕಂದು, ತಾಮ್ರಗಳ ಮಾದರಿ ಲಡಿಗಳು. ಅದರಲ್ಲಿ ಹಳೆಯ ಸೀರೆಗೆ ಸರಿಹೊಂದುವುದನ್ನು ದಯಾನಂದನ ಕೈಲಿ ಆಯ್ಕೆ ಮಾಡಿಸಿ, ಆ ಲಡಿಯನ್ನೂ ಕೆಲಸವನ್ನೂ ಬಣ್ಣ ಹಾಕುವ ಬೇರೆಯವರಿಗೆ ಒಪ್ಪಿಸಿಬಿಡುವುದು. "ನಿನ್ ಕಣ್ಣು ಚೆನ್ನಾಗೈತೆ, ನೀನ್ ಬಾ" ಎಂದಿದ್ದ ಅಪ್ಪ. ಆ ಮಾತಿನಲ್ಲಿ ವ್ಯಂಗ್ಯದ ಒಂದು ಎಳೆಯಾದರೂ ಇದ್ದಿದ್ದರೆ ದಯಾನಂದ್ ಅದನ್ನೇ ಹಿಡಿದು ನೇತಾಡುತ್ತಿದ್ದ.

ಪಾವಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಪ್ಪ ಎರಡು ಪೊಟ್ಟಣ ಮಂಡಕ್ಕಿ ಕೊಂಡು ಒಂದನ್ನು ಇವನ ಕೈಗಿಟ್ಟ. ಮೆಣಸಿನಕಾಯಿ ಇಲ್ಲದ್ದನ್ನು ಆರಿಸಿ ಇವನಿಗೆ ಕೊಟ್ಟಿದ್ದ. ಮಂಡಕ್ಕಿ ಬಾಯಲ್ಲಿದ್ದಾಗಲೇ ದಯಾನಂದನ ಬಾಯಿಂದ ಅದು ಹೊರಬಿತ್ತು, ಹಿನ್ನೆಲೆ ಸಂಗೀತವಿಲ್ಲದೆ, ಉಚ್ಚಾರಣೆಯೂ ಸರಿಯಿಲ್ಲದೆ.

"ಅಪ್ಪಾ, ನಿನ್ ಕಣ್ಗೆ ಏನೂ ಆಗಿಲ್ಲ. ತಪ್ಪು ನಂದು. ಗೇಮ್ ಆಡೋಕೆ ಅಂತ ಪರದೆ ಬಣ್ಣ ಏರ್ಸಿದ್ದೆ. ಇಳ್ಸಿರ್ಲಿಲ್ಲ. ನೀನ್ ಹೇಳಿದ್ದೇ ಸರಿ."

ಅಪ್ಪ ಅಗಿಯುವುದನ್ನು ನಿಲ್ಲಿಸಿ ಅವನನ್ನು ನೋಡಿದ. ತುಟಿಯ ತುದಿಯಲ್ಲಿ ನಗು ಬಂತು. "ಚೆನ್ನಾಗೈತೆ. ಮುಂದಿಂದು ಹೇಳು."

"ಡೈಲಾಗ್ ಅಲ್ಲ ಕಣಪ್ಪ. ನಿಜ."

"ನಿಮ್ಮಮ್ಮ ಹೇಳ್ಕೊಟ್ಟು ಕಳ್ಸಿದ್ಲಾ? ಅವ್ಳೂ ನಿನ್ನೆ ಶುರು ಹಚ್ಕೊಂಡಿದ್ಲು, ಕಣ್ಣಲ್ಲ, ನೀರಲ್ಲಿ ಉಪ್ಪು ಜಾಸ್ತಿ ಆಗೈತೆ ಅಂತ."

"ದೇವ್ರಾಣೆ ಅಪ್ಪಾ."

"ಹೋದೊರ್ಸ ನಂಗೆ ಕಾರ್ ಬಹುಮಾನ ಬಂದೈತೆ ಅಂತ ಫೋನ್ ಮಾಡ್ಸಿದ್ಯಲ್ಲ, ಆಗ್ಲೂ ದೇವ್ರಾಣೆ ಅಂದಿದ್ದೆ. ನಾನು ಬಿಳಿ ಪಂಚೆ ಉಟ್ಕೊಂಡು ಬಸ್‌ಸ್ಟ್ಯಾಂಡ್ ತಂಕ ಹೋಗ್ಬುಟ್ಟಿದ್ದೆ."

"ಮನೆಗೋದ್ಮೇಲೆ ತೋರಿಸ್ತೀನಿ. ಏರ್ಸಿ ಇಳ್ಸಿ ತೋರಿಸ್ತೀನಿ."

"ಆ ಗಾಜು ಇನ್ನೊಂದ್ಸಲ ನಾನ್ ನೋಡಾಕಿಲ್ಲ." ಈಗ ನಗು ಇರಲಿಲ್ಲ. ಆಮೇಲೆ ಮಗನ ಭುಜ ತಟ್ಟಿ, "ಊರ್ಕೋರಾ, ಬಿಡು. ಅಪ್ಪಂಗೆ ನೋವಾಗ್ಬಾರ್ದು ಅಂತ ಹೇಳ್ತೀಯ. ನಂಗೊತ್ತಾಗ್ತೈತೆ. ತಿನ್ನು" ಎಂದ.

ಭುಜದ ಮೇಲೆ ಆ ಕೈ ಬಿದ್ದ ಜಾಗ ಕಲ್ಯಾಣದುರ್ಗದ ತನಕ ಬೆಚ್ಚಗೇ ಇತ್ತು. ಬೈಸಿಕೊಳ್ಳಲು ಹೊರಟು ಶಹಬ್ಬಾಸ್‌ಗಿರಿ ಪಡೆದು ಬಂದವನು ಈ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು. ನಿಜ ಹೇಳುವ ಮುಖ ಹೇಗಿರುತ್ತದೆ? ಬಸ್ಸಿನ ಚಾಲಕನ ಎದುರಿನ ಉದ್ದ ಕನ್ನಡಿಯಲ್ಲಿ ದಯಾನಂದ್ ಒಂದೆರಡು ಸಲ ಪ್ರಯತ್ನಿಸಿ ನೋಡಿದ. ಹುಬ್ಬು ಇಳಿಸಿದರೆ ಖಳನಾಯಕನ ತಮ್ಮ, ಏರಿಸಿದರೆ ಹಾಸ್ಯನಟ. ಕಂಡಕ್ಟರ್ ತಿರುಗಿ, "ಏಮೈಂದಿ ಬಾಬೂ, ವಾಂತಿ ಬರ್ತಾ ಐತಾ?" ಎಂದು ಕಿಟಕಿ ತೋರಿಸಿದ.

ರಮಾದೇವಿಯ ಮನೆಯಲ್ಲಿ ಮಜ್ಜಿಗೆ ಕೊಟ್ಟು ಚಾಪೆ ಹಾಸಿದರು. ಬನಶಂಕರಮ್ಮ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಭಾರ್ಗವಿ, ತಪ್ಪಿದ ಸೀರೆಯನ್ನೂ ಹಳೆಯದನ್ನೂ ತಂದು ಪಕ್ಕಪಕ್ಕದಲ್ಲಿ ಇಟ್ಟಳು. ದಯಾನಂದ್ ಎರಡನ್ನೂ ಒಟ್ಟಿಗೆ ನೋಡಿದ್ದು ಇದೇ ಮೊದಲು. ಒಂದು ಮಾವಿನ ಚಿಗುರು. ಇನ್ನೊಂದು ಟೊಮೆಟೊ ಗೊಜ್ಜು.

"ನಂಗೆ ಈ ಕೆಂಪೂ ಇಷ್ಟಾನೇ ಮಾವಾ, ಫೋಟೋಗೆ ಬಾಗುಂಟುಂದಿ, ಚೆನ್ನಾಗ್ ಬೀಳ್ತೈತೆ" ಎಂದಳು ಭಾರ್ಗವಿ ಕೇಶವಯ್ಯನಿಗೆ, ಸಮಾಧಾನಕ್ಕೆ. ಫೋಟೋ ಎಂಬ ಮಾತು ಕೇಳಿದ್ದೇ ದಯಾನಂದ್ ಎದ್ದು ನಿಂತ.

"ಕೇಳಿ ಎಲ್ರೂನೂ. ತಪ್ಪು ಅಪ್ಪಂದಲ್ಲ, ನಂದು. ಸಾಕ್ಷಿ ಐತೆ." ಮೊಬೈಲ್ ತೆಗೆದ. ಬಣ್ಣ ಏರಿಸಿದಾಗ ಪರದೆ ಹೇಗಿತ್ತು, ಇಳಿಸಿದಾಗ ಹೇಗಿತ್ತು, ಎರಡರ ಸ್ಕ್ರೀನ್‌ಶಾಟನ್ನೂ ನಿನ್ನೆ ತೆಗೆದು ಕಳಿಸಿಕೊಂಡಿದ್ದ. ಜೀವಮಾನದಲ್ಲಿ ಮೊದಲ ಸಲ ಮುಂಚಿತವಾಗಿ ತಯಾರಾಗಿ ಬಂದಿದ್ದ. "ಇದು ಸುಳ್ಳು ಬಣ್ಣ. ಇದು ನಿಜ. ನೋಡಿ."

ರಮಾದೇವಿ ಮೊಬೈಲ್ ಹಿಡಿದು ಎಡಕ್ಕೆ ತಳ್ಳಿದಳು, ಬಲಕ್ಕೆ ತಳ್ಳಿದಳು. "ಎರಡೂ ಒಂದೇ ಥರ ಐತಲ್ಲಪ್ಪಾ."

ಒಂದೇ ಥರ ಇದ್ದವು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಾನಿಟರಿಗೆ ಹೋಗುವ ದಾರಿಯಲ್ಲಿ ಕೊನೆಯ ಕ್ಷಣಕ್ಕೆ ಸೇರುವ ಬಣ್ಣ ಅದು; ಸ್ಕ್ರೀನ್‌ಶಾಟು ಅದಕ್ಕೂ ಮುಂಚೆ, ಕಾರ್ಡಿನ ಒಳಗೇ, ಶುದ್ಧವಾಗಿದ್ದಾಗಲೇ ತೆಗೆದುಕೊಳ್ಳುವ ಚಿತ್ರ. ಇದು ಅವನಿಗೆ ಗೊತ್ತಿತ್ತು. ಇದರ ಮೇಲೆ ಇಂಟರ್ನೆಟ್ಟಿನಲ್ಲಿ ಯಾರೊಂದಿಗೋ ಜಗಳ ಕೂಡ ಆಡಿದ್ದ, ಗೆದ್ದಿದ್ದ. ಗೊತ್ತಿದ್ದೂ ತೆಗೆದುಕೊಂಡು ಬಂದಿದ್ದ. ಮಜ್ಜಿಗೆಯ ಲೋಟ ಹಿಡಿದ ಕೈಯಲ್ಲೇ ಬನಶಂಕರಮ್ಮ ನಗತೊಡಗಿದಳು. ಹಲ್ಲಿಲ್ಲದ, ಸದ್ದಿಲ್ಲದ, ಭುಜ ಕುಣಿಯುವ ನಗು. "ಮಗಾ, ಸುಳ್ಳೇಳೋಕೂ ಒಸಿ ಅಭ್ಯಾಸ ಬೇಕು ಕಣ್ಲಾ. ಅಪ್ಪನ್ನ ಉಳಿಸ್ಕಳಾಕೆ ಎಷ್ಟ್ ಒದ್ದಾಡ್ತಾನೆ ನೋಡು ಕೇಶವಾ. ಬಂಗಾರದಂತ ಮಗ." ಎಲ್ಲರೂ ನಕ್ಕರು. ಅಪ್ಪ ತಲೆ ತಗ್ಗಿಸಿ ಚಾಪೆಯ ಎಳೆ ಕೀಳುತ್ತಿದ್ದ. ದಯಾನಂದ್ ನಿಂತೇ ಇದ್ದ. ಕೂರುವುದಕ್ಕೆ ಒಂದು ನೆಪ ಬೇಕಿತ್ತು, ಯಾರೂ ಕೊಡಲಿಲ್ಲ. ಕೊನೆಗೆ ಒಂದು ಸಲಾಮು ಹೊಡೆದು, ಅದಕ್ಕೂ ನಗಿಸಿ, ಕೂತ.

"ಆಗ್ಲಿ ರಮಾದೇವಮ್ಮ" ಎಂದು ಅಪ್ಪ ಗಂಟು ಬಿಚ್ಚಿದ. "ನನ್ ಕೈಲಿ ಇನ್ನಾಗಾಕಿಲ್ಲ. ಇವ್ನು ಲಡಿ ಆರಿಸ್ತಾನೆ, ಆ ಲಡಿ ಹಿಡ್ಕೊಂಡು ಬ್ಯಾರೆ ಕಡೆ ಬಣ್ಣ ಹಾಕಿಸ್ತೀನಿ. ನೇಯೋದು ನಮ್ಮನೇಲೇ."

ಬಾಗಿಲ ಹತ್ತಿರ ಬಿಸಿಲು ಬೀಳುತ್ತಿದ್ದ ಕಡೆ ಲಡಿಗಳನ್ನು ಹರಡಿದರು. ಇಪ್ಪತ್ತೋ ಇಪ್ಪತ್ತೈದೋ. ದಯಾನಂದ್ ಹಳೆಯ ಸೀರೆಯನ್ನು ತೊಡೆಯ ಮೇಲೆ ಎಳೆದುಕೊಂಡ. ಸರಿ, ನಿಜ ಹೇಳಿದರೆ ನಂಬುವುದಿಲ್ಲ, ಕಡೆಗೆ ಸರಿಯಾದ ಲಡಿಯನ್ನಾದರೂ ಆರಿಸಿ ಕೊಡೋಣ, ಪಾಪದ ಅಸಲು ತೀರದಿದ್ದರೂ ಬಡ್ಡಿಯಾದರೂ ತೀರಲಿ ಎಂದುಕೊಂಡ. ಮನಸ್ಸಿಟ್ಟು ನೋಡಿದ. ಒಂದೊಂದನ್ನೂ ಎತ್ತಿ ಮುಖಕ್ಕೆ ನೇರವಾಗಿ, ಒಂದು ಮೊಳ ದೂರದಲ್ಲಿ, ಸೀರೆಯ ಪಕ್ಕ ಹಿಡಿದು ಹೋಲಿಸಿದ. ಎಂಟಕ್ಕಿಳಿಸಿದ, ಮೂರಕ್ಕಿಳಿಸಿದ. ಕೊನೆಗೆ ಎರಡು ಉಳಿದವು, ಎರಡರಲ್ಲಿ ಒಂದನ್ನು ಬಿಟ್ಟ. ಅನುಮಾನವೇ ಇರಲಿಲ್ಲ. ಇದೇ. ಅಚ್ಚು ಇದೇ.

"ಇದು" ಎಂದು ಅಪ್ಪನ ಕೈಗೆ ಕೊಟ್ಟ.

ಅಪ್ಪ ಅದನ್ನು ನೋಡಿದ. ನೋಡಿ, "ಥೂ, ಇದೇನ್ಲಾ ಇದು, ಇಟ್ಟಿಗೆ" ಎಂದ.

"ಇಟ್ಟಿಗೆ ಎಲ್ಲೈತಪ್ಪಾ, ಸರ್ಯಾಗಿ ನೋಡು."

"ನೀನ್ ನೋಡೋ ಸರ್ಯಾಗಿ! ಕಣ್ಣೇನ್ ಕುಲ್ಡಾ?" ಅಪ್ಪ ಚಾಪೆಯಿಂದ ಮುಂದಕ್ಕೆ ಜರುಗಿ ಲಡಿಯನ್ನು ಕಿತ್ತುಕೊಂಡ. "ರೇಷ್ಮೇನ ಯಾರಾದ್ರೂ ಎದ್ರುಗೆ ಹಿಡ್ಕೊಂಡು ನೋಡ್ತಾರಾ? ಅದೇನ್ ನಿನ್ ಟೀವಿನಾ? ವಾಲ್ಸು. ಹಿಂಗೆ ವಾಲ್ಸು. ನೋಡು, ವಾಲ್ಸಿದ್ ತಕ್ಷಣ ಹೆಂಗ್ ಕೆಂಪ್ಗೆ ಓಡ್ತು. ನಮ್ಮಪ್ಪನ ಬಣ್ಣ ಹಂಗೆ ಓಡಾಕಿಲ್ಲ, ಕಂದಿಗೆ ಇಳೀತೈತೆ. ಇನ್ನೊಂದು, ಸೀರೆ ಮೇಲ್ಗಡೆ ನೋಡ್ತೀಯಲ್ಲ, ಐವತ್ತೊರ್ಸ ಬಿಸ್ಲು ತಿಂದಿರೋ ಜಾಗ ಅದು." ಸೀರೆಯ ತುದಿಯನ್ನು ಹುಡುಕಿ, ಒಳಕ್ಕೆ ಮಡಿಚಿ ಹೊಲಿದ ಕಡೆ ಉಗುರಿನಿಂದ ಮಡಿಕೆ ಬಿಡಿಸಿದ. ಒಳಗೆ, ಬೆರಳಗಲದ ಒಂದು ಪಟ್ಟಿಯಲ್ಲಿ, ಬೆಳಕು ಎಂದೂ ಮುಟ್ಟದ ಬಣ್ಣವಿತ್ತು. "ಹೊಂದ್ಸಬೇಕಾಗಿರೋದು ಇದ್ಕೆ." ಲಡಿಗಳ ರಾಶಿಯತ್ತ ಕೈ ಹೋಯಿತು. ನೋಡಿದ ಹಾಗೂ ಇರಲಿಲ್ಲ, ನೋಡದ ಹಾಗೂ ಇರಲಿಲ್ಲ. ದಯಾನಂದ್ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಎಸೆದಿದ್ದ ಒಂದು ಲಡಿಯನ್ನು ಎತ್ತಿ, ಮಡಿಕೆಯ ಮೇಲಿಟ್ಟು, ಬಿಸಿಲಿಗೆ ಒಮ್ಮೆ ವಾಲಿಸಿದ. ಲಡಿ ಎಲ್ಲಿ ಮುಗಿಯಿತು, ಸೀರೆ ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲಾಗಲಿಲ್ಲ.

ಅಪ್ಪ ತನ್ನ ಕೈಯನ್ನೇ ನೋಡುತ್ತಿದ್ದ.

ಮೊದಲು ಚಪ್ಪಾಳೆ ತಟ್ಟಿದವಳು ರಮಾದೇವಿ. "ಅಯ್ಯೋ ಕಿಲಾಡಿ! ಬೇಕಂತ್ಲೇ ತಪ್ಪು ಲಡಿ ಕೊಟ್ಯಾ? ಅಪ್ಪಂಗೆ ರೋಸ ಬರ್ಲಿ ಅಂತ?" ಬನಶಂಕರಮ್ಮ ಕೈ ಚಾಚಿ ಅವನ ಗಲ್ಲ ಹಿಂಡಿದಳು. "ಬಾಯಲ್ಲಿ ಹೇಳಿದ್ರೆ ನಂಬಾಕಿಲ್ಲ ಅಂತ ಮಾಡಿ ತೋರಿಸ್ಬುಟ್ಟ ಕಣಮ್ಮ. ಎಂಥಾ ನಾಟ್ಕ! ನಾನಂತೂ ನಿಜ ಅಂದ್ಕೊಂಡೆ." ಭಾರ್ಗವಿ, "ಮುಖ ನೋಡ್ಬೇಕಿತ್ತು, ಎಷ್ಟು ಸೀರಿಯಸ್ಸಾಗಿ ಆರಿಸ್ದ" ಎಂದಳು. ದಯಾನಂದ್ ಬಾಯಿ ತೆರೆದ. ನಾಟಕ ಅಲ್ಲ ಎನ್ನಬೇಕಿತ್ತು. ನನಗೆ ನಿಜವಾಗಿಯೂ ಅದೇ ಸರಿಯೆನಿಸಿತ್ತು ಎನ್ನಬೇಕಿತ್ತು. ಬಣ್ಣದ ಮನೆಯಲ್ಲಿ ಹುಟ್ಟಿ, ಎಷ್ಟೋ ವರ್ಷ ಬಣ್ಣವನ್ನೆಲ್ಲ ಗಾಜಿನ ಹಿಂದೆಯೇ, ನೇರ ಕೂತೇ ನೋಡಿದವನಿಗೆ ನೂಲಿನ ಮೇಲೆ ಬೆಳಕು ಕದಲುವುದೇ ಕಾಣುವುದಿಲ್ಲ ಎನ್ನಬೇಕಿತ್ತು. ಆದರೆ ಎಲ್ಲ ಕಣ್ಣುಗಳೂ ಅವನ ಮೇಲಿದ್ದವು, ಪ್ರೇಕ್ಷಕರಿದ್ದರು. ಅವನ ಹುಬ್ಬು ತಾನಾಗಿಯೇ ಮೇಲೇರಿತು, ಕೈ ತಾನಾಗಿಯೇ ಕಾಲರ್ ಹಿಡಿಯಿತು. "ಕಥೆ ನಂದು, ಡೈರೆಕ್ಷನ್ ನಂದು, ಅಪ್ಪಂದು ಬರೀ ಗೆಸ್ಟ್ ರೋಲು" ಎಂದ. ಮನೆಯೆಲ್ಲ ನಕ್ಕಿತು. ತನ್ನ ದನಿಯೇ ಪಕ್ಕದ ಮನೆಯ ಟೀವಿಯಿಂದ ಬಂದ ಹಾಗೆ ಅವನಿಗೆ ಕೇಳಿಸಿತು.

ಅಪ್ಪ ನಗಲಿಲ್ಲ. ಲಡಿಯನ್ನು ಪಂಚೆಯ ಮಡಿಲಲ್ಲಿ ಇಟ್ಟುಕೊಂಡು, "ಹುಣ್ಣಿಮೆ ಕಳೀಲಿ ರಮಾದೇವಮ್ಮ, ಬಣ್ಣ ನಾನೇ ಹಾಕ್ತೀನಿ" ಎಂದ. ಊಟ ಮಾಡಿಕೊಂಡು ಹೋಗಿ ಎಂದರೂ ನಿಲ್ಲಲಿಲ್ಲ.

ಬಸ್‌ಸ್ಟ್ಯಾಂಡಿಗೆ ನಡೆದೇ ಹೊರಟರು. ಅಪ್ಪ ಮುಂದೆ, ಬೇಗ ಬೇಗ. ದಾರಿಯ ಎರಡೂ ಬದಿಯ ಅಂಗಡಿಗಳನ್ನು ನೋಡುತ್ತ ಹೋಗುತ್ತಿದ್ದ. ನೇತುಹಾಕಿದ ಬಕೆಟ್ಟು, ಕೊಡ, ನೈಟಿ, ಕಲ್ಲಂಗಡಿಯ ಹೋಳು. ಯಾವುದರ ಬಣ್ಣವನ್ನೂ ಕೇಳಲಿಲ್ಲ. ದಯಾನಂದ್ ಎರಡು ಹೆಜ್ಜೆ ಹಿಂದೆ, ಉಳಿದ ಲಡಿಗಳ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು. ಅವನ ಪಾಪ ತೀರಿತ್ತು. ಅವನು ತೀರಿಸಿದ್ದಲ್ಲ, 'ಕುರುಡ' ಎಂದು ಬೈಸಿಕೊಂಡದ್ದಕ್ಕೆ ತೀರಿದ್ದು. ಆಟೋ ಸ್ಟ್ಯಾಂಡಿನ ಬೇವಿನ ನೆರಳಿನಲ್ಲಿ ಅಪ್ಪ ಥಟ್ಟನೆ ನಿಂತು ತಿರುಗಿದ.

"ದಯಾ. ನೀನು ನಿಜ್ವಾಗ್ಲೂ ಅದೇ ಅಂದ್ಕೊಂಡೆ ಅಲ್ವಾ? ಆ ಇಟ್ಟಿಗೆ."

ಹುಬ್ಬು ಏರಲಿಲ್ಲ. ಎಷ್ಟು ಹುಡುಕಿದರೂ ಒಂದು ಡೈಲಾಗೂ ಸಿಗಲಿಲ್ಲ. ಇಷ್ಟು ವರ್ಷ ಬಾಯಲ್ಲಿ ಸಾಲಾಗಿ ನಿಂತಿರುತ್ತಿದ್ದವೆಲ್ಲ ಎಲ್ಲಿ ಹೋದವೋ.

"ಹೂಂ" ಎಂದ.

ಅಪ್ಪ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಲೆ ವಾಲಿಸಿ ನೋಡಿದ. ಆಮೇಲೆ ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ಕಣ್ಣಾಡಿಸಿ, ದನಿ ತಗ್ಗಿಸಿದ.

"ಯಾರ್ಗೂ ಹೇಳ್ಬ್ಯಾಡ ಕಣ್ಲಾ. ನಾಟ್ಕ ಅಂತ್ಲೇ ಇರ್ಲಿ."